ಪಾದದ ಅಳತೆ



ಗೌರಿ ಹಬ್ಬಕ್ಕೆ ಇನ್ನೆರಡು ದಿನ ಇದೆ ಅನ್ನುವಾಗ ಸಂಜೆ ಹೊತ್ತು ನಮ್ಮ ಮಧುವನಹಳ್ಳಿಯ ಬಸ್ ನಿಲ್ದಾಣದಲ್ಲಿ ನಿಂತುಕೊಂಡರೆ, ಕೊಳ್ಳೇಗಾಲದಿಂದ ಹನೂರಿನ ಕಡೆಗೆ ಹೋಗುವ ಬಸ್ಸಿನಿಂದ ಇಳಿಯುವ ಹೆಂಗಸರ ಕಂಕುಳಲ್ಲೆಲ್ಲ ಮೊರಗಳು ಕಾಣುತ್ತವೆ. ಮೇದರು ಆಗಷ್ಟೇ ಹೆಣೆದ ಹೊಸ ಮೊರ. ಬಿದಿರಿನ ಹಸಿ ವಾಸನೆ ಇನ್ನೂ ಹೋಗಿರುವುದಿಲ್ಲ. ಬಸ್ಸಿನಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ಮೊರ ಹಿಡಿದವಳಿಗೆ ಯಾರಾದರೂ ಎದ್ದು ಜಾಗ ಬಿಡುತ್ತಾರೆ. ಮುರಿದುಹೋದೀತು, ಜೋಪಾನ ಕಣವ್ವ ಅನ್ನುತ್ತಾರೆ. ಮೊರ ಖಾಲಿಯಾಗಿಯೇ ಇರುತ್ತದೆ, ಆದರೂ ಅದು ಯಾರಿಗೋ ಕೊಡಲಿಕ್ಕೆ ಹೊರಟಿದೆ ಅನ್ನುವುದು ಬಸ್ಸಿನಲ್ಲಿದ್ದವರಿಗೆಲ್ಲ ಗೊತ್ತು.

ಮೊರದ ಬಾಗಿನದಲ್ಲಿ ಏನೇನು ಇಡುತ್ತೇವೆ, ಒಂದು ಸಲ ನೆನಪು ಮಾಡಿಕೊಳ್ಳಿ. ಅರಿಶಿನ, ಕುಂಕುಮ, ಕನ್ನಡಿ, ಬಾಚಣಿಗೆ, ಕಪ್ಪು ಬಳೆ, ಬಿಚ್ಚೋಲೆ, ರವಿಕೆ ಕಣ. ತೆಂಗಿನಕಾಯಿ, ಅಕ್ಕಿ, ಬೇಳೆ, ಬೆಲ್ಲ, ಉಪ್ಪು. ಮೇಲೆ ಇನ್ನೊಂದು ಮೊರ ಕವುಚಿ, ಸೆರಗು ಹೊದಿಸಿ ಕೊಡುವುದು, ಸೆರಗು ಹಿಡಿದೇ ತೆಗೆದುಕೊಳ್ಳುವುದು. ಇದನ್ನು ಮೊದಲು ಜೋಡಿಸಿದ ಅಜ್ಜಿ ಯಾರೋ ನನಗೆ ಗೊತ್ತಿಲ್ಲ, ಆದರೆ ಆಕೆ ಒಂದು ಕೆಲಸ ಮಾಡಿದ್ದಾಳೆ. ಮಗಳ ಇಡೀ ದಿನವನ್ನು ಕಣ್ಣಿಗೆ ತಂದುಕೊಂಡಿದ್ದಾಳೆ. ಬೆಳಿಗ್ಗೆ ಎದ್ದರೆ ತಲೆ ಬಾಚಬೇಕು, ಮುಖ ನೋಡಿಕೊಳ್ಳಬೇಕು. ಆಮೇಲೆ ಒಲೆ ಮುಂದೆ ಬೇಳೆ ಬೇಕು, ಉಪ್ಪು ಬೇಕು. ಕಾಳು ಕೇರಲಿಕ್ಕೆ ಮೊರವೇ ಬೇಕು. ಗಂಡನ ಮನೆಯಲ್ಲಿ ಕೈಯೊಡ್ಡಿ ಕೇಳಲಿಕ್ಕೆ ಸಂಕೋಚವಾಗುವ ಒಂದೊಂದನ್ನೂ ತವರಿನವರು ತಾವಾಗಿಯೇ ಇಟ್ಟು ಕಳಿಸಿದ್ದಾರೆ.

ಈಗ ಅಂಗಡಿಯಲ್ಲಿ ‘ಬಾಗಿನದ ಸೆಟ್’ ಅಂತ ಪೊಟ್ಟಣವೇ ಸಿಗುತ್ತದೆ. ಹೆಬ್ಬೆರಳಿನಷ್ಟು ಕನ್ನಡಿ, ಅದರಲ್ಲಿ ಮುಖ ಕಾಣುವುದಿಲ್ಲ. ಬೆರಳುದ್ದದ ಬಾಚಣಿಗೆ, ಅದರಲ್ಲಿ ತಲೆ ಬಾಚಲಾಗುವುದಿಲ್ಲ. ಹಬ್ಬ ಮುಗಿದ ಮೇಲೆ ಅವು ಅಟ್ಟ ಸೇರುತ್ತವೆ. ರವಿಕೆ ಕಣದ ಕತೆಯನ್ನು ಹೆಂಗಸರು ನನಗಿಂತ ಚೆನ್ನಾಗಿ ಹೇಳಬಲ್ಲರು. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ, ಅಲ್ಲಿಂದ ಮತ್ತೊಂದಕ್ಕೆ ಸುತ್ತುತ್ತಲೇ ಇರುತ್ತದೆ, ಹೊಲಿಗೆಯ ಮುಖವನ್ನೇ ನೋಡುವುದಿಲ್ಲ. ಯಾಕೆ ಹೊಲಿಸುವುದಿಲ್ಲ ಅಂತ ನನ್ನ ಹೆಂಡತಿಯನ್ನು ಕೇಳಿದೆ. ಎಂಬತ್ತು ಸೆಂಟಿಮೀಟರಿನಲ್ಲಿ ಮೈತುಂಬಿದ ಹೆಂಗಸಿಗೆ ರವಿಕೆಯಾಗುವುದಿಲ್ಲ, ಕೈ ಗಿಡ್ಡವಾಗುತ್ತದೆ, ಒಂದು ಮೀಟರ್ ಬೇಕು ಅಂದಳು. ಇಪ್ಪತ್ತು ಸೆಂಟಿಮೀಟರ್ ಹೆಚ್ಚು ಕೊಟ್ಟಿದ್ದರೆ ಅದು ಮೈಮೇಲೆ ಬರುತ್ತಿತ್ತು. ನಾವು ಕೊಟ್ಟೆವು ಅನ್ನಿಸಿಕೊಳ್ಳಲು ಎಷ್ಟು ಬೇಕೋ ಅಷ್ಟನ್ನೇ ಕೊಡುತ್ತಿದ್ದೇವೆ. ಆಕೆಗೆ ಎಷ್ಟು ಬೇಕು ಅನ್ನುವ ಅಳತೆಯನ್ನು ತೆಗೆದುಕೊಳ್ಳುತ್ತಿಲ್ಲ. ಇವತ್ತು ನಾನು ಮಾತಾಡಬೇಕು ಅಂದುಕೊಂಡು ಬಂದಿರುವುದು ಈ ಅಳತೆಯ ಬಗ್ಗೆ.

ಗೌರಿ ಹಬ್ಬಕ್ಕೆ ಅಣ್ಣತಮ್ಮಂದಿರು ಹೆಣ್ಣುಮಕ್ಕಳಿಗೆ ಅರಿಶಿನ-ಕುಂಕುಮಕ್ಕೆ ಅಂತ ದುಡ್ಡು ಕಳಿಸುವುದು ನಮ್ಮ ಕಡೆ ತಪ್ಪದ ಪದ್ಧತಿ. 1956ರ ನವೆಂಬರ್ 1ರವರೆಗೆ ನಮ್ಮ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹಾಗಾಗಿ ತಾಳವಾಡಿ, ಸತ್ಯಮಂಗಲದ ಕಡೆ ಹೆಣ್ಣು ಕೊಟ್ಟು ತಂದ ಮನೆಗಳು ನಮ್ಮಲ್ಲಿ ಇವೆ. ಗಡಿ ಬದಲಾಯಿತು, ನೆಂಟಸ್ತನ ಬದಲಾಗಲಿಲ್ಲ. ತಾಳವಾಡಿಯಲ್ಲಿ ಇವತ್ತಿಗೂ ಮನೆಮಾತು ಕನ್ನಡ. ನಾನು ಹುಡುಗನಾಗಿದ್ದಾಗ ಗೌರಿ ಹಬ್ಬದ ಹಿಂದಿನ ವಾರ ಅಂಚೆಯವರ ಚೀಲದಲ್ಲಿ ಮನಿಯಾರ್ಡರುಗಳೇ. ಆ ಫಾರಂನ ಕೆಳಗೆ ನಾಲ್ಕು ಸಾಲು ಬರೆಯಲಿಕ್ಕೆ ಜಾಗ ಇರುತ್ತಿತ್ತು. ದುಡ್ಡು ಎಣಿಸಿಕೊಳ್ಳುವ ಮೊದಲು ಹೆಂಗಸರು ಆ ಚೀಟಿಯನ್ನು ಓದಿಸಿಕೊಳ್ಳುತ್ತಿದ್ದರು. ಎಮ್ಮೆ ಕರು ಹಾಕಿದೆ, ಅವ್ವನ ಮಂಡಿ ನೋವು ಕಡಿಮೆಯಾಗಿದೆ, ದಸರಾಕ್ಕೆ ಮಕ್ಕಳನ್ನು ಕರೆದುಕೊಂಡು ಬಾ. ದುಡ್ಡು ಖರ್ಚಾಗುತ್ತಿತ್ತು, ಚೀಟಿ ಮಾತ್ರ ಸಾಸಿವೆ ಡಬ್ಬಿಯೊಳಗೆ ಮಡಿಸಿ ಕೂತಿರುತ್ತಿತ್ತು. ಈಗ ಫೋನಿನಲ್ಲಿ ಒಂದು ಕ್ಷಣಕ್ಕೆ ಹಣ ಹೋಗುತ್ತದೆ. ಒಳ್ಳೆಯದೇ. ಆದರೆ ಹಣ ಕಳಿಸಿ ಸುಮ್ಮನಾಗಬೇಡಿ, ಆ ನಾಲ್ಕು ಸಾಲನ್ನೂ ಕಳಿಸಿ.

ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ. ನನಗೆ ಮೂವರು ತಂಗಿಯರು. ಕೆಲಸ ಸಿಕ್ಕ ಮೇಲೆ ಕೆಲವು ವರ್ಷ ಮೂವರಿಗೂ ಒಂದೇ ಅಂಗಡಿಯಲ್ಲಿ, ಒಂದೇ ಬೆಲೆಯ, ಒಂದೇ ಬಗೆಯ ಸೀರೆ ತೆಗೆದುಕೊಟ್ಟೆ. ಭೇದ ಮಾಡಲಿಲ್ಲ ಅಂತ ನನಗೆ ಸಮಾಧಾನ. ನಡುವಿನ ತಂಗಿಯ ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ಒಂದು ವರ್ಷ ಸೀರೆ ಕೊಡಲಿಕ್ಕೆ ಹೋದಾಗ ಅವಳ ಹುಳುಗಳು ನಾಲ್ಕನೇ ಸಲ ಪೊರೆ ಬಿಡುವ ಜ್ವರದಿಂದ ಎದ್ದಿದ್ದವು. ರೇಷ್ಮೆ ಬಲ್ಲವರಿಗೆ ಗೊತ್ತು, ಒಂದು ಬೆಳೆಯಲ್ಲಿ ಹುಳು ತಿನ್ನುವ ಸೊಪ್ಪಿನಲ್ಲಿ ಹೆಚ್ಚಿನ ಪಾಲು ಈ ಒಂದು ವಾರದಲ್ಲೇ ಮುಗಿಯುತ್ತದೆ. ರಾತ್ರಿ ಹಗಲು ಹಾಕುತ್ತಲೇ ಇರಬೇಕು. ಮನೆಯೊಳಗೆ ಸೋನೆ ಮಳೆ ಹಿಡಿದ ಹಾಗೆ ಸದ್ದು. ಸೊಪ್ಪು ಬಾಡಬಾರದು ಅಂತ ಬೆಳಕು ಹರಿಯುವ ಮೊದಲೇ ಕಡ್ಡಿ ಕೊಯ್ಯಬೇಕು. ತಂಗಿ ಸೀರೆಯನ್ನು ಕಣ್ಣಿಗೊತ್ತಿಕೊಂಡು, ‘ಬೋ ಚೆನ್ನಾಗದ ಕನಣ್ಣ’ ಅಂದಳು. ಒಂದು ಗಳಿಗೆ ಸುಮ್ಮನಿದ್ದು, ‘ಆದ್ರ ಯಾವಾಗ ಉಟ್ಕಳ್ಲಿ ಹೇಳು’ ಅಂದಳು. ಬೀರು ತೆರೆದು ತೋರಿಸಿದಳು. ನಾನು ಕೊಟ್ಟ ನಾಲ್ಕು ಸೀರೆಗಳು ಮಡಿಕೆ ಬಿಚ್ಚದೆ ಹಾಗೇ ಇದ್ದವು. ಬಯ್ಯಲಿಲ್ಲ, ಬೇಸರ ಮಾಡಿಕೊಳ್ಳಲಿಲ್ಲ. ಆ ನಾಲ್ಕು ಮಡಿಕೆ ನೋಡಿ ನನಗೇ ನಾಚಿಕೆಯಾಯಿತು.

ಆ ರಾತ್ರಿ ಅಲ್ಲೇ ಉಳಿದೆ. ನಾಲ್ಕು ಗಂಟೆಗೆ ಎದ್ದು ಅವಳ ಜೊತೆ ತೋಟಕ್ಕೆ ಹೋದೆ. ಎಡಗೈಯಲ್ಲಿ ಬ್ಯಾಟರಿ, ಬಲಗೈಯಲ್ಲಿ ಕುಡುಗೋಲು. ಕಡ್ಡಿ ಹಿಡಿಯಬೇಕೆಂದರೆ ಬ್ಯಾಟರಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳಬೇಕು. ಸಾಲುಗಳಲ್ಲಿ ಹಾವಿನ ಭಯ ಬೇರೆ. ಮುಂದಿನ ಗೌರಿ ಹಬ್ಬಕ್ಕೆ ಹಣೆಗೆ ಕಟ್ಟಿಕೊಳ್ಳುವ ಬ್ಯಾಟರಿ ಎರಡು, ಮೊಣಕಾಲವರೆಗೆ ಬರುವ ರಬ್ಬರ್ ಬೂಟು ಒಂದು ಜೊತೆ ತೆಗೆದುಕೊಂಡು ಹೋದೆ. ಬೂಟಿಗೆ ಅವಳ ಪಾದದ ಅಳತೆ ಬೇಕಾಗಿತ್ತು. ನನ್ನ ತಂಗಿಯ ಪಾದ ಎಷ್ಟುದ್ದ ಅನ್ನುವುದು ನನಗೆ ಗೊತ್ತಿರಲಿಲ್ಲ. ಭಾವನಿಗೆ ಫೋನು ಮಾಡಿ, ಅವಳ ಹಳೇ ಚಪ್ಪಲಿಯನ್ನು ಪೇಪರಿನ ಮೇಲಿಟ್ಟು ಗೆರೆ ಎಳೆದು ಕಳಿಸಿ ಅಂದೆ. ಆ ಪೇಪರನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಬಾಗಿನದ ವಿಚಾರದಲ್ಲೇ ಇನ್ನೊಂದು ಮಾತು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ ಹಬ್ಬದ ದಿನ ಏನು ಕೊಡುತ್ತೇವೆ? ನಮ್ಮ ಸೋದರತ್ತೆ ಮದುವೆಯಾದಾಗಿನಿಂದ ಮನೆಯ ಎಲ್ಲ ಬಾಗಿನವನ್ನೂ ತಾನೇ ಕೂತು ಜೋಡಿಸುತ್ತಿದ್ದವಳು. ಮಾವ ತೀರಿಕೊಂಡ ವರ್ಷ ಹಬ್ಬದ ದಿನ ಒಳಕೋಣೆ ಬಿಟ್ಟು ಈಚೆಗೆ ಬರಲಿಲ್ಲ. ನನ್ನ ಅವ್ವ ಅದನ್ನು ನೋಡಿ ಬಂದಳು. ಮರುವರ್ಷ ಒಂದು ಮೊರದಲ್ಲಿ ಅಕ್ಕಿ, ಬೆಲ್ಲ, ಒಂದು ಕಂಬಳಿ, ಅದರ ಮೇಲೆ ಎಲೆ ಅಡಿಕೆ ಕುಟ್ಟುವ ಕಬ್ಬಿಣದ ಸಣ್ಣ ಕುಟ್ಟಾಣಿಯನ್ನಿಟ್ಟು ತಾನೇ ಹೊತ್ತುಕೊಂಡು ಹೋದಳು. ಅತ್ತೆಗೆ ಹಲ್ಲು ಬಿದ್ದು ಎಲೆ ಅಡಿಕೆ ಅಗಿಯಲಾಗುತ್ತಿರಲಿಲ್ಲ. ಕಲ್ಲಿನ ಮೇಲೆ ಜಜ್ಜಿ ತಿನ್ನುತ್ತಿದ್ದಳು. ಹಾಗೆ ಕೊಡುವುದು ಪದ್ಧತಿಯಲ್ಲ ಅಂತ ಯಾರೋ ಅಂದರು. ಅವ್ವ ‘ಗಂಡ ಹೋದ್ರ ತವರೂ ಹೋಯ್ತಾ?’ ಅಂತ ಒಂದೇ ಮಾತು ಕೇಳಿದಳು. ಆ ಕುಟ್ಟಾಣಿ ಅತ್ತೆ ಸಾಯುವವರೆಗೂ ಸೊಂಟದ ಚೀಲದಲ್ಲೇ ಇತ್ತು.

ಅತ್ತೆ ಹೋದ ಮೇಲೆ ಮಹಾಲಯದ ಪಕ್ಷದಲ್ಲಿ ಅವಳ ಹೆಸರಿನಲ್ಲೂ ಎಡೆ ಇಡುತ್ತಾರೆ. ಹೊಸ ಸೀರೆ, ಪಂಚೆ ಮಡಿಸಿಟ್ಟು, ಹಿರಿಯರು ಇಷ್ಟಪಟ್ಟು ತಿನ್ನುತ್ತಿದ್ದ ಪದಾರ್ಥಗಳನ್ನೆಲ್ಲ ಬಾಳೆಲೆಯ ಮೇಲೆ ಬಡಿಸುವುದು ನಮ್ಮ ಸೀಮೆಯ ಪದ್ಧತಿ. ಅತ್ತೆಯ ಎಡೆಯ ಪಕ್ಕ ಕುಟ್ಟಾಣಿಯೂ ಕೂರುತ್ತದೆ. ಒಂದು ವರ್ಷ ಅದನ್ನು ನೋಡುತ್ತ ಕೂತಿದ್ದಾಗ ನನಗೆ ಒಂದು ಸಂಗತಿ ಹೊಳೆಯಿತು. ಸತ್ತವರಿಗೆ ಏನು ಇಷ್ಟ ಅನ್ನುವುದು ನಮಗೆ ಎಷ್ಟು ನಿಖರವಾಗಿ ನೆನಪಿರುತ್ತದೆ! ತಾತನಿಗೆ ಇಂಥದೇ ಬೀಡಿ ಆಗಬೇಕು, ಅಜ್ಜಿಗೆ ಕಜ್ಜಾಯ ಸ್ವಲ್ಪ ಸೀಯಬೇಕು, ದೊಡ್ಡಪ್ಪನಿಗೆ ಕಾಫಿ ಲೋಟದ ತುಂಬ ಇರಬೇಕು. ಒಂದೂ ತಪ್ಪುವುದಿಲ್ಲ. ಅದೇ ಮನೆಯಲ್ಲಿ ಬದುಕಿರುವ ಅತ್ತಿಗೆಗೆ ಯಾವ ಬಣ್ಣ ಇಷ್ಟ ಅಂತ ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಎಡೆ ಇಡುವಾಗಿನ ಆ ಶ್ರದ್ಧೆಯಲ್ಲಿ ಒಂದು ಪಾಲು ಬದುಕಿರುವವರಿಗೆ ಸಿಕ್ಕರೂ ನಮ್ಮ ಮನೆಗಳ ಹಬ್ಬ ಬೇರೆಯೇ ಆಗುತ್ತದೆ.

ಅಳತೆ ಅಂದೆನಲ್ಲ, ನಮ್ಮ ಸೀಮೆಯಲ್ಲಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಬೂದಿತಿಟ್ಟಿನವರು. ಯಳಂದೂರು ದಾಟಿ ಬಿಳಿಗಿರಿರಂಗನ ಬೆಟ್ಟ ಹತ್ತಿದವರೆಲ್ಲ ದೇವಸ್ಥಾನದಲ್ಲಿ ಆ ದೊಡ್ಡ ಚರ್ಮದ ಪಾದುಕೆಗಳನ್ನು ನೋಡಿರುತ್ತೀರಿ, ತಲೆಗೆ ಮುಟ್ಟಿಸಿಕೊಂಡಿರುತ್ತೀರಿ. ಒಂದೊಂದೂ ಒಂದೂಮುಕ್ಕಾಲು ಅಡಿ ಉದ್ದ. ಬೂದಿತಿಟ್ಟಿನ ಅರಳಯ್ಯನ ವಂಶದವರು ಎರಡು ವರ್ಷಕ್ಕೊಮ್ಮೆ ಹೊಲಿದು ತಂದು ಒಪ್ಪಿಸುತ್ತಾರೆ. ರಂಗಪ್ಪ ರಾತ್ರಿ ಹೊತ್ತು ಕಾಡು ಸುತ್ತುತ್ತಾನೆ, ಚಪ್ಪಲಿ ಸವೆಯುತ್ತದೆ, ಅದಕ್ಕೇ ಹೊಸದು ಬೇಕು ಅನ್ನುವುದು ನಂಬಿಕೆ. ದೇವರಿಗೆ ಕೊಡಲಿಕ್ಕೆ ಬಂಗಾರದ ಕಿರೀಟ, ಬೆಳ್ಳಿಯ ರಥ ಏನೇನೋ ಇವೆ. ಆದರೆ ಈ ದೇವರು ನಡೆಯುತ್ತಾನೆ, ಇವನ ಕಾಲಿಗೆ ಕಲ್ಲುಮುಳ್ಳು ಚುಚ್ಚುತ್ತದೆ ಅಂತ ಯೋಚನೆ ಮಾಡಿದವರು ಜೀವನಪೂರ್ತಿ ಮಂದಿಯ ಕಾಲು ನೋಡಿಯೇ ಬದುಕಿದವರು. ಕೊಟ್ಟು ಮರೆಯುವುದಿಲ್ಲ, ಸವೆದಿದೆಯಾ ಅಂತ ಮತ್ತೆ ಬಂದು ನೋಡುತ್ತಾರೆ. ಆ ಬೆಟ್ಟದ ಸೋಲಿಗರಿಗಂತೂ ರಂಗಪ್ಪ ಬಾವ. ತಮ್ಮ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು, ಹಾಗಾಗಿ ರಂಗಬಾವ. ದೇವರನ್ನೂ ನೆಂಟನನ್ನಾಗಿ ಮಾಡಿಕೊಂಡವರ ನೆರೆಯಲ್ಲಿ ನಾವಿದ್ದೇವೆ.

ಇನ್ನು ಮನೆಯವರಲ್ಲದೆ ನಮ್ಮ ಮನೆಯನ್ನು ನಡೆಸುವವರ ಮಾತು. ಹಾಲು ಹಾಕುವವರು, ಪೇಪರ್ ಹಾಕುವವರು, ಮನೆಗೆಲಸಕ್ಕೆ ಬರುವಾಕೆ, ಬೀದಿ ಗುಡಿಸುವವರು, ಬಟ್ಟೆ ಇಸ್ತ್ರಿ ಮಾಡುವವರು, ಆಟೋದವರು, ಕ್ಷೌರದ ಅಂಗಡಿಯವರು. ಇವರಿಗೆ ಹಬ್ಬಕ್ಕೆ ಏನು ಕೊಡಬೇಕು?

ಸೇವೆಗೆ ಕಾಣಿಕೆ ಕೊಡುವುದು ಈ ನೆಲಕ್ಕೆ ಹೊಸದಲ್ಲ. ನಮ್ಮ ನೆರೆಯ ಯಳಂದೂರನ್ನೇ ತೆಗೆದುಕೊಳ್ಳಿ. 1807ರಲ್ಲಿ ಮೈಸೂರು ಸಂಸ್ಥಾನ ದಿವಾನ್ ಪೂರ್ಣಯ್ಯನವರ ಸೇವೆಗಾಗಿ ಆ ಸೀಮೆಯನ್ನೇ ಜಹಗೀರಾಗಿ ಕೊಟ್ಟಿತು. ದೊಡ್ಡ ಸೇವೆಗೆ ಊರೂರೇ ಸಂದವು. ಊರಿನ ಕೆರೆಯ ತೂಬು ಎತ್ತಿ ಇಳಿಸಿ, ರಾತ್ರಿಯೆಲ್ಲ ಗದ್ದೆಗೆ ನೀರು ಹಾಯಿಸಿದ ನೀರುಗಂಟಿಗೆ ಸುಗ್ಗಿಯಲ್ಲಿ ಕಣದ ಅಂಚಿನಲ್ಲಿ ನಿಂತರೆ ಮೊರದಲ್ಲಿ ಒಂದಿಷ್ಟು ಕಾಳು ಸಂದಿತು. ಅಗಸರು, ಕ್ಷೌರಿಕರು, ಕಮ್ಮಾರರು, ಬಡಗಿಗಳು, ತೋಟಿ, ತಳವಾರರು, ಎಲ್ಲರಿಗೂ ಹೀಗೆ ಆಯ ಅಳೆಯುತ್ತಿದ್ದರು. ವರ್ಷವಿಡೀ ದುಡಿದದ್ದರ ಕೂಲಿ ಅದು. ಆದರೆ ಕೊಡುವವರು ದಾನ ಕೊಟ್ಟ ಹಾಗೆ ಕೊಡುತ್ತಿದ್ದರು, ತೆಗೆದುಕೊಳ್ಳುವವರು ದೂರ ನಿಂತು ತಲೆಬಾಗಿ ತೆಗೆದುಕೊಳ್ಳಬೇಕಾಗಿತ್ತು. ಅಳೆಯುವ ಕೈ ಮಾತ್ರ ಕೊಡುವವರದು. ಜೀತಕ್ಕಿದ್ದವರ ಪಾಡಂತೂ ಇನ್ನೂ ಕಷ್ಟ. ವರ್ಷಕ್ಕೆ ಎರಡು ಜೊತೆ ಬಟ್ಟೆ, ಒಂದು ಕಂಬಳಿ, ಒಂದು ಜೊತೆ ಎಕ್ಕಡ ಅಂತ ಮಾತಾಗಿರುತ್ತಿತ್ತು. ಯುಗಾದಿಗೆ ಕೊಟ್ಟ ಆ ಬಟ್ಟೆಯನ್ನು ‘ನಮ್ಮ ಆಳಿಗೆ ಹಬ್ಬಕ್ಕೆ ಬಟ್ಟೆ ತಂದೆ’ ಅಂತ ಊರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಜೀತವನ್ನು ಕಾನೂನು ತೊಡೆದುಹಾಕಿದ್ದು 1976ರಲ್ಲಿ. ಅದರ ಮಾತಿನ ವಾಸನೆ ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಮನೆಗೆಲಸದಾಕೆಗೆ ಹಳೇ ಸೀರೆ, ಹಿಂದಿನ ದಿನದ ಒಬ್ಬಟ್ಟು ಕೊಟ್ಟು ‘ಹಬ್ಬಕ್ಕೆ ಕೊಟ್ಟೆ’ ಅನ್ನುವಾಗ ಆ ವಾಸನೆ ಬರುತ್ತದೆ.

ಹಾಗಾಗಿ ನನ್ನ ಖಚಿತವಾದ ಅಭಿಪ್ರಾಯ ಇದು. ಮೊದಲು ಕೂಲಿ ಸರಿಯಾಗಿರಬೇಕು, ಉಡುಗೊರೆ ಆಮೇಲಿನದು. ಸಂಬಳ ಏರಿಸಿ ಎರಡು ವರ್ಷವಾಗಿದ್ದರೆ ಈ ಹಬ್ಬಕ್ಕೆ ಸೀರೆ ಬೇಡ, ಸಂಬಳ ಏರಿಸಿ. ಅದರ ಮೇಲೆ ಒಂದು ತಿಂಗಳ ಸಂಬಳವನ್ನು ಹಬ್ಬದ ಬೋನಸ್ಸಾಗಿ ಕೊಡಿ. ಇದು ನಾನು ಗಾಳಿಯಲ್ಲಿ ಹೇಳುವ ಲೆಕ್ಕವಲ್ಲ. ಬೋನಸ್ ಕಾಯ್ದೆಯಲ್ಲಿ ಕಾರ್ಖಾನೆಯ ಕೆಲಸಗಾರರಿಗೆ ಗೊತ್ತುಮಾಡಿದ ಕನಿಷ್ಠ ಬೋನಸ್ ವರ್ಷದ ಸಂಬಳದ ಶೇ. 8.33. ಲೆಕ್ಕ ಹಾಕಿ ನೋಡಿ, ಅದು ಹನ್ನೆರಡರಲ್ಲಿ ಒಂದು ಪಾಲು, ಒಂದು ತಿಂಗಳ ಸಂಬಳ. ನಮ್ಮ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಕೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ, ಆದರೆ ಆಕೆಯ ವರ್ಷಕ್ಕೂ ಹನ್ನೆರಡೇ ತಿಂಗಳು. ಕೊಳ್ಳೇಗಾಲ, ಹನೂರು ತಾಲ್ಲೂಕುಗಳಿಂದ ಬೆಂಗಳೂರಿಗೆ ಹೋಗಿ ಮನೆಗೆಲಸ, ಗಾರೆ ಕೆಲಸ ಮಾಡುವ ಎಷ್ಟೋ ಜನ ಹಬ್ಬಕ್ಕೆ ಊರಿಗೆ ಬರುತ್ತಾರೆ. ಅವರು ಬಸ್ಸಿನಿಂದ ಇಳಿಯುವಾಗ ಕೈಯಲ್ಲಿರುವ ಚೀಲದ ಭಾರ ನೋಡಿದರೆ ದುಡಿಸಿಕೊಂಡ ಮನೆಯವರು ಹೇಗೆ ಅಂತ ಹೇಳಿಬಿಡಬಹುದು.

ಕೊಡುವುದನ್ನು ಹಬ್ಬಕ್ಕೆ ಮುಂಚೆ ಕೊಡಿ. ಹಬ್ಬದ ಮರುದಿನ ಕೊಟ್ಟ ದುಡ್ಡಿನಿಂದ ಹಬ್ಬ ಮಾಡಲಾಗುವುದಿಲ್ಲ. ಈ ವಿಷಯದಲ್ಲಿ ನಮ್ಮ ಮುಸ್ಲಿಂ ಬಂಧುಗಳ ಕಟ್ಟಳೆ ನನಗೆ ಬಹಳ ಹಿಡಿಸಿದೆ. ರಂಜಾನಿನ ಫಿತ್ರವನ್ನು ಈದ್ ನಮಾಜಿಗೆ ಮೊದಲೇ ಬಡವರಿಗೆ ಮುಟ್ಟಿಸಬೇಕು. ತಾನು ಹಬ್ಬ ಮಾಡುವ ಹೊತ್ತಿಗೆ ಅವರ ಮನೆಯಲ್ಲೂ ಒಲೆ ಹೊತ್ತಿರಬೇಕು. ಅತ್ತ ಮಾರ್ಟಳ್ಳಿಯ ಕಡೆ ಕ್ರಿಸ್‌ಮಸ್ಸಿನಲ್ಲಿ ತಿಂಡಿ ತಟ್ಟೆ ನೆರೆಮನೆಗಳಿಗೆ ಹೋಗುವುದನ್ನೂ ನೋಡಿದ್ದೇನೆ. ಸಂಕ್ರಾಂತಿಯಲ್ಲಿ ನಮ್ಮ ಹೆಣ್ಣುಮಕ್ಕಳು ಎಳ್ಳು ಬೀರುವ ಹಾಗೆಯೇ, ಮೇಲೊಂದು ಬಟ್ಟೆ ಮುಚ್ಚಿಕೊಂಡು.

ಸರ್ಕಾರದ ಕೆಲಸ ಮಾಡುವವರ ವಿಚಾರ ಬೇರೆ. ಅಂಚೆಯವರು, ಲೈನ್‌ಮನ್, ಆಶಾ ಕಾರ್ಯಕರ್ತೆ. ಇವರ ಕೈಗೆ ದುಡ್ಡು ಕೊಡಬೇಡಿ. ಅದರಿಂದ ಅವರ ಮರ್ಯಾದೆಗೂ ಕುಂದು, ದುಡ್ಡು ಕೊಡಲಾಗದ ಪಕ್ಕದ ಮನೆಯವರ ಕೆಲಸಕ್ಕೂ ಕುಂದು. ಮುಂಗಾರಿನ ಗಾಳಿಮಳೆಗೆ ಕಂಬ ಬಿದ್ದು ಊರಿಗೆ ಊರೇ ಕತ್ತಲಾದ ರಾತ್ರಿ ನಮ್ಮ ಲೈನ್‌ಮನ್ ನೆನೆದುಕೊಂಡೇ ಕಂಬ ಹತ್ತಿದ್ದರು. ಅವರನ್ನು ದೀಪಾವಳಿಯ ದಿನ ಮನೆಯೊಳಗೆ ಕರೆದು, ನಾವು ಉಣ್ಣುವ ಪಂಕ್ತಿಯಲ್ಲೇ ಎಲೆ ಹಾಕಿ ಬಡಿಸಿದೆವು. ಅದೇ ದೀಪಾವಳಿಗೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಬೇಡಗಂಪಣರ ನೂರಾ ಒಂದು ಹೆಣ್ಣುಮಕ್ಕಳು ಹಾಲರವೆ ಹೊತ್ತು ತರುತ್ತಾರೆ, ಜಾತ್ರೆಗೆ ಜನ ನೆಲ ಈದ ಹಾಗೆ ಬರುತ್ತಾರೆ. ಆ ಜನರನ್ನೆಲ್ಲ ಬೆಟ್ಟ ಹತ್ತಿಸುವ ಬಸ್ಸಿನ ಡ್ರೈವರ್, ಕಂಡಕ್ಟರುಗಳಿಗೆ ಆ ರಾತ್ರಿ ಹಬ್ಬವಿಲ್ಲ. ನಮ್ಮೂರಿನ ಮುಂದೆ ಬಸ್ಸು ನಿಂತಾಗ ಒಂದು ಲೋಟ ಮಜ್ಜಿಗೆ ಕೊಟ್ಟರೆ ಅವರ ಮುಖ ಅರಳುವುದನ್ನು ನೋಡಿ.

ಪೌರಕಾರ್ಮಿಕರಿಗೆ ಹಬ್ಬದ ಉಡುಗೊರೆ ಅಂತ ಕೈಗವಸು, ಪೊರಕೆ, ಗಮ್‌ಬೂಟು ಹಂಚಿ ಫೋಟೋ ತೆಗೆಸಿಕೊಳ್ಳುವುದನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬಾರದು. ಅವು ಕೆಲಸ ಕೊಟ್ಟವರು ಕೊಡಲೇಬೇಕಾದ ಸಲಕರಣೆ. ನನ್ನ ತಂಗಿಗೆ ಬೂಟು ಕೊಟ್ಟೆ ನಿಜ, ಅವಳು ತನ್ನ ತೋಟದಲ್ಲಿ ದುಡಿಯುವವಳು. ನಮ್ಮ ಬೀದಿಯನ್ನು ಗುಡಿಸುವಾಕೆಗೆ ಕೊಡುವುದು ನಮ್ಮ ಬೀದಿಗಲ್ಲ, ಆಕೆಯ ಮನೆಗೆ ಹೋಗಬೇಕು. ಆಕೆಯ ಮಗಳು ಹತ್ತನೇ ತರಗತಿಯಲ್ಲಿದ್ದರೆ ಒಂದು ಒಳ್ಳೆಯ ನಿಘಂಟು, ಓದಲಿಕ್ಕೆ ಮೇಜುದೀಪ. ಮನೆಯಲ್ಲಿ ವಯಸ್ಸಾದವರಿದ್ದರೆ ಒಂದು ಉಣ್ಣೆ ಶಾಲು. ಇದು ತಿಳಿಯಬೇಕಾದರೆ ಆಕೆಗೆ ಮಗಳಿದ್ದಾಳೆ ಅನ್ನುವುದು ನಮಗೆ ಗೊತ್ತಿರಬೇಕು, ವರ್ಷದಲ್ಲಿ ನಾಲ್ಕು ಸಲವಾದರೂ ನಿಂತು ಮಾತಾಡಿರಬೇಕು.

ಕೊಳ್ಳುವುದೇ ಆದರೆ ನಮ್ಮ ಸೀಮೆಯವರ ಕೈಯಿಂದ ಬಂದದ್ದನ್ನು ಕೊಳ್ಳಿ ಅನ್ನುವುದು ನನ್ನ ಆಸೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಜೇನು ಇದೆ, ಅವರೇ ಬೆಳೆದ ‘ಅಡವಿ’ ಕಾಫಿ ಇದೆ. ಕಾಡನ್ನೆಲ್ಲ ಆವರಿಸಿಕೊಂಡ ಲಂಟಾನಾ ಕಳೆಯ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬಿದಿರಿನ ಹಾಗೆ ಬಳಸಿ ಬುಟ್ಟಿ, ಕುರ್ಚಿ ಮಾಡುವವರು ಮಲೆ ಮಹದೇಶ್ವರ ಬೆಟ್ಟದ ಆಸುಪಾಸಿನಲ್ಲಿದ್ದಾರೆ. ಕೊಳ್ಳೇಗಾಲದ ರೇಷ್ಮೆಯ ಬಗ್ಗೆ ನಾನು ಹೇಳಬೇಕಾಗಿಯೇ ಇಲ್ಲ. ಕೊಳ್ಳುವಾಗ 2004ರಿಂದ ಚಾಲ್ತಿಯಲ್ಲಿರುವ ಸಿಲ್ಕ್ ಮಾರ್ಕ್ ಚೀಟಿ ಇದೆಯಾ ನೋಡಿ. ಚೀಟಿಯಿಲ್ಲದಿದ್ದರೆ ಅಂಚಿನ ಒಂದೆಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ, ಗಂಟಾಗಿ ಅಂಟಿಕೊಂಡರೆ ಅಲ್ಲ. ರೇಷ್ಮೆ ಉಡುವ ಸಂದರ್ಭವೇ ಬಾರದವರಿಗೆ ಮಾತ್ರ ರೇಷ್ಮೆ ಬೇಡ.

ಕೊನೆಗೆ ನಮ್ಮ ಬೀದಿಗೆ ಪೇಪರ್ ಹಾಕುವ ಹುಡುಗನ ವಿಷಯ ಹೇಳಿಬಿಡುತ್ತೇನೆ. ಕೊಳ್ಳೇಗಾಲದ ಕಾಲೇಜಿನಲ್ಲಿ ಪದವಿ ಓದುತ್ತಾನೆ. ಬೆಳಿಗ್ಗೆ ಐದಕ್ಕೆ ಬಂಡಲು ಬಿಚ್ಚಿ, ಪುರವಣಿ ಸೇರಿಸಿ, ಸೈಕಲ್ಲಿಗೆ ಕಟ್ಟಿಕೊಂಡು ಹೊರಡುತ್ತಾನೆ. ಪತ್ರಿಕಾ ಕಚೇರಿಗೆ ಹಬ್ಬದ ದಿನ ರಜೆ ಇರುತ್ತದೆ, ಹಾಗಾಗಿ ಪೇಪರ್ ಬಾರದಿರುವುದು ಹಬ್ಬದ ಮರುದಿನ. ಹಬ್ಬದ ಬೆಳಿಗ್ಗೆ ಎಲ್ಲರೂ ಎಣ್ಣೆ ಸ್ನಾನಕ್ಕೆ ಕೂತಿರುವಾಗ ಅವನು ಬೀದಿಯಲ್ಲೇ ಇರುತ್ತಾನೆ. ಹೋದ ಯುಗಾದಿಗೆ ವಾರ ಮುಂಚೆ ಅವನನ್ನು ನಿಲ್ಲಿಸಿ, ‘ಹಬ್ಬಕ್ಕೆ ಏನು ಬೇಕು ಹೇಳು ಮಗ, ಅಂಗಿಯೋ, ದುಡ್ಡೋ’ ಅಂತ ಕೇಳಿದೆ. ಮೊದಲು ಏನೂ ಬೇಡ ಸಾ ಅಂದ. ಬಿಡದೆ ಕೇಳಿದ್ದಕ್ಕೆ ಹ್ಯಾಂಡಲ್ಲಿನ ಮೇಲೆ ಬೆರಳಾಡಿಸುತ್ತ, ‘ಒಂದ್ ಹಬ್ಬದ ದಿನ ಮನೇಲಿ ಮಲಗಿದ್ದು ಎದ್ದೇಳಬೇಕು ಅಂತ ಅದ ಸಾ’ ಅಂದ.

ನಮ್ಮ ಬೀದಿಯ ನಾಲ್ವರು ಸೇರಿ ಮಾತಾಡಿಕೊಂಡೆವು. ಯಾವ ಮನೆಗೆ ಯಾವ ಪೇಪರ್ ಅಂತ ಅವನು ಒಂದು ಹಾಳೆಯಲ್ಲಿ ಬರೆದುಕೊಟ್ಟ. ‘ಅಜ್ಜಿ ಮನೆ, ಒಳಗೆ ಹೋಗಿ ಮಂಚದ ಮೇಲೆ ಇಡುವುದು, ಬಗ್ಗಕ್ಕಾಗಲ್ಲ’ ಅಂತ ಒಂದು ಕಡೆ ಬರೆದಿದ್ದ. ‘ಮೇಷ್ಟರ ಮನೆ, ಬೆಲ್ ಮಾಡಬಾರದು, ಮಗು ಮಲಗಿರುತ್ತೆ’ ಅಂತ ಇನ್ನೊಂದು ಕಡೆ. ಆ ಹುಡುಗ ಯಾರೂ ಹೇಳದೆಯೇ ಪ್ರತಿ ಮನೆಯ ಅಳತೆಯನ್ನೂ ತೆಗೆದಿಟ್ಟುಕೊಂಡಿದ್ದ. ಯುಗಾದಿಯ ಬೆಳಿಗ್ಗೆ ಆ ಹಾಳೆ ಹಿಡಿದುಕೊಂಡು ಮನೆ ಮನೆ ಹತ್ತಿ ಇಳಿದು ಪೇಪರ್ ಹಾಕಿ ಬರುವಷ್ಟರಲ್ಲಿ ಏಳೂವರೆಯಾಗಿತ್ತು. ಮನೆಗೆ ಬಂದು ಬೇವು ಬೆಲ್ಲ ಬಾಯಿಗೆ ಹಾಕಿಕೊಂಡೆ. ಎಂಟು ಗಂಟೆಗೆ ಅವನ ತಾಯಿ ಫೋನು ಮಾಡಿದರು.

‘ಇನ್ನೂ ಎದ್ದಿಲ್ಲ ಸಾ. ಎಬ್ಬಿಸ್ಲಾ?’

‘ಬೇಡವ್ವ, ಮಲಗಲಿ’ ಅಂದೆ.